ಲೆಕ್ಕಕ್ಕೆ ಹಿಡಿಯದ ಗಿಡ್ಡ ಫಿರಂಗಿಗಳು

ಆ ಮಾತನ್ನು ನಾನು ತರಗತಿಯಲ್ಲಿ ಎಲ್ಲರ ಮುಂದೆ ಹೇಳಿದೆನೋ, ಮೆಟ್ಟಿಲ ಹತ್ತಿರ ಅವಳೊಬ್ಬಳಿಗೇ ಹೇಳಿದೆನೋ, ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದು ಬರೆಯುವಾಗಲೂ ಸಂಶಯ ಕಾಡುತ್ತದೆ: ನಿಜಕ್ಕೂ ಗೊತ್ತಿರಲಿಲ್ಲವೋ, ಗೊತ್ತಿಲ್ಲದಿರುವುದು ಆ ಹೊತ್ತಿಗೆ ನನಗೆ ಅನುಕೂಲವಾಗಿತ್ತೋ. ಮೆಟ್ಟಿಲಿನ ಚಿತ್ರವಂತೂ ಕಣ್ಣ ಮುಂದೆಯೇ ಇದೆ. ಕಟ್ಟೆಗೆ ಒರಗಿಸಿಟ್ಟ ಅವಳ ಚೀಲ, ರಸ್ತೆಯಲ್ಲಿ ಬಸ್ಸಿನ ಹಾರ್ನ್, ನನ್ನ ಕೈಯಲ್ಲಿ ಅರ್ಧ ಕುಡಿದ ಚಹಾ. ಇತಿಹಾಸ ಓದಿದವನಿಗೆ ಇಷ್ಟು ಅಚ್ಚುಕಟ್ಟಾದ ಸಾಕ್ಷ್ಯದ ಮೇಲೆಯೇ ಮೊದಲು ಅನುಮಾನ ಬರಬೇಕಿತ್ತು. ಬರಲಿಲ್ಲ.

ಧಾರವಾಡದಲ್ಲಿ ಸರ್ಕಾರಿ ನೌಕರಿ ಪರೀಕ್ಷೆಗಳಿಗೆ ತಯಾರಿ ಮಾಡಿಸುವ ಒಂದು ಕೇಂದ್ರದಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಸಪ್ತಾಪುರದ ಕಡೆ ಇಂಥ ಕೇಂದ್ರಗಳು ಬೇಕಾದಷ್ಟಿವೆ. ನಮ್ಮಲ್ಲಿ ವರ್ಷಕ್ಕೆ ಒಂದು ಉಚಿತ ಸೀಟು ಕೊಡುವ ಪದ್ಧತಿಯಿದೆ. ಒಂದೇ ಒಂದು. ಪಾಠ, ವಸತಿ, ಊಟ, ಓದುವ ಕೋಣೆಯಲ್ಲಿ ಹೆಸರು ಬರೆದ ಕುರ್ಚಿ, ಎಲ್ಲ ಸೇರಿ ಇಡೀ ವರ್ಷಕ್ಕೆ. ಅದಕ್ಕೆ ಒಂದು ಲಿಖಿತ ಪರೀಕ್ಷೆ. ಪರೀಕ್ಷೆಯ ಸಂಜೆಯೇ ಸರಿಯುತ್ತರಗಳನ್ನೂ ತಾತ್ಕಾಲಿಕ ಪಟ್ಟಿಯನ್ನೂ ಗೋಡೆಗೆ ಅಂಟಿಸುತ್ತೇವೆ. ಮರುದಿನ ಆಕ್ಷೇಪಣೆಯ ದಿನ. ಪ್ರಶ್ನೆ ತೆಗೆದವರು ಮೇಜಿನ ಮುಂದೆ ಕುಳಿತು ಉತ್ತರ ಹೇಳಲೇಬೇಕು. ಪ್ರಶ್ನೆ ತಪ್ಪು ಎಂದಾದರೆ ಅದನ್ನು ರದ್ದು ಮಾಡಿ ಎಲ್ಲರಿಗೂ ಒಂದು ಅಂಕ ಸೇರಿಸುತ್ತಾರೆ. ಇಬ್ಬರ ಅಂಕ ಸಮವಾದರೆ ವಯಸ್ಸಿನಲ್ಲಿ ದೊಡ್ಡವರಿಗೆ ಸೀಟು. ಅವರಿಗೆ ನೌಕರಿಯ ವಯೋಮಿತಿ ಮೊದಲು ಮುಗಿಯುತ್ತದೆ ಎಂಬುದು ಅದರ ಹಿಂದಿನ ನ್ಯಾಯ.

ಆ ವರ್ಷ ಮುಖ್ಯಸ್ಥರು ನನ್ನನ್ನು ಕರೆದು, "ಸರ್, ಗೈಡ್ ಬಾಯಿಪಾಠ ಮಾಡಿದಾವ್ರು ಫಸ್ಟ್ ಬರಾಕತ್ಯಾರ. ಯಾವ ಗೈಡಿನ್ಯಾಗೂ ಇಲ್ಲದ್ದು ಒಂದು ಪ್ಯಾಸೇಜ್ ಕೊಡ್ರಿ. ಓದಿ, ತಿಳಕೊಂಡು, ಅದರ ಮ್ಯಾಲ ಉತ್ತರ ಬರೀಬೇಕು" ಎಂದರು.

ನನ್ನ ಹತ್ತಿರ ಹಾಯಿ ಹಡಗುಗಳ ಟಿಪ್ಪಣಿ ಇತ್ತು. ಕರಾವಳಿಯ ವ್ಯಾಪಾರದ ಮೇಲೆ ಸಂಶೋಧನೆ ಮಾಡುವಾಗ ಬರೆದುಕೊಂಡದ್ದು. ಪರೀಕ್ಷೆಗೆ ಮುಂಚಿನ ಉಚಿತ ಡೆಮೊ ತರಗತಿಯಲ್ಲಿ, ಯುರೋಪಿಯನ್ನರ ಆಗಮನದ ಪಾಠ ಮಾಡುತ್ತ, ಅದರಲ್ಲಿಯ ಕೆಲವು ಸಂಗತಿಗಳನ್ನು ಹೇಳಿಯೂ ಇದ್ದೆ. ಎಷ್ಟು ಹೇಳಿದ್ದೆ ಎಂಬುದೇ ಮುಂದೆ ಪ್ರಶ್ನೆಯಾಯಿತು. ಆದರೆ ಆಗ ನನಗೆ ಅದು ದೋಷವೆನಿಸಲಿಲ್ಲ. ಉತ್ತರಕ್ಕೆ ಬೇಕಾದದ್ದೆಲ್ಲ ಪ್ಯಾಸೇಜಿನಲ್ಲೇ ಇರುತ್ತದೆ, ಕ್ಲಾಸಿಗೆ ಬಂದವರಿಗೂ ಬಾರದವರಿಗೂ ಏನು ವ್ಯತ್ಯಾಸ ಎಂದುಕೊಂಡೆ.

ಪ್ಯಾಸೇಜು ಹೀಗಿತ್ತು. ಹಾಯಿಯ ಕಾಲದ ಇಂಗ್ಲಿಷ್ ಯುದ್ಧನೌಕೆಗಳಿಗೆ ಆರು ದರ್ಜೆ. ನೂರು ಅಥವಾ ಹೆಚ್ಚು ಫಿರಂಗಿಗಳಿದ್ದರೆ ಒಂದನೇ ದರ್ಜೆ. ತೊಂಬತ್ತರಿಂದ ನೂರರೊಳಗೆ ಎರಡನೆಯದು. ಅರವತ್ತನಾಲ್ಕರಿಂದ ಎಂಬತ್ತು ಮೂರನೆಯದು. ಐವತ್ತರಿಂದ ಅರವತ್ತು ನಾಲ್ಕನೆಯದು. ಮೂವತ್ತೆರಡರಿಂದ ನಲವತ್ತನಾಲ್ಕು ಐದನೆಯದು. ಇಪ್ಪತ್ತರಿಂದ ಇಪ್ಪತ್ತೆಂಟು ಆರನೆಯದು. ಅದಕ್ಕೂ ಸಣ್ಣವಕ್ಕೆ ದರ್ಜೆಯೇ ಇಲ್ಲ. ಈ ಗಡಿಗಳು ಕಾಲಕಾಲಕ್ಕೆ ಸರಿದಿದ್ದರಿಂದ ನಾನು ಹದಿನೆಂಟನೆಯ ಶತಮಾನದ ಕೊನೆಯ ಭಾಗವನ್ನು ಹಿಡಿದಿದ್ದೆ. ಹಡಗಿನಲ್ಲಿ ಎಷ್ಟು ಜನ ಇರಬೇಕು, ಕಪ್ತಾನನಿಗೆ ಎಷ್ಟು ಸಂಬಳ ಎಂಬುದೆಲ್ಲ ದರ್ಜೆಯ ಮೇಲೆ ನಿಂತಿತ್ತು. ದೊಡ್ಡ ಕಾಳಗದಲ್ಲಿ ಸಾಲುಗಟ್ಟಿ ನಿಲ್ಲುವ ಹಕ್ಕು ಆ ಹೊತ್ತಿಗೆ ಮೊದಲ ಮೂರು ದರ್ಜೆಗಳಿಗೆ ಮಾತ್ರ ಉಳಿದಿತ್ತು.

ಇದರಲ್ಲೊಂದು ತಿರುವಿದೆ. ಆ ಕಾಲಕ್ಕೆ ಕ್ಯಾರೊನೇಡ್ ಎಂಬ ಗಿಡ್ಡ ಫಿರಂಗಿ ಬಂತು. ನಳಿಗೆ ಗಿಡ್ಡ, ಬಾಯಿ ಅಗಲ. ಹತ್ತಿರದಿಂದ ಹೊಡೆದರೆ ಹಲಗೆಯನ್ನು ಚಿಂದಿ ಮಾಡುವಂಥದ್ದು. ಇವನ್ನು ಹಡಗಿನ ಮೇಲ್ತಟ್ಟಿನಲ್ಲಿ ಹೆಚ್ಚುವರಿಯಾಗಿ ಇಡುತ್ತಿದ್ದರು. ಹಾಗೆ ಇಟ್ಟವನ್ನು ದರ್ಜೆಯ ಎಣಿಕೆಗೆ ಹಿಡಿಯುತ್ತಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ನಿಯಮ ಬದಲಾಯಿತು. ಅಲ್ಲಿಯತನಕ ಹಡಗಿನ ಹೆಸರಿನ ಜೊತೆ ಹೇಳುವ ಸಂಖ್ಯೆ ಒಂದು, ಅದು ಹೊತ್ತು ತಿರುಗುವ ಫಿರಂಗಿಗಳು ಇನ್ನೊಂದು. ನನ್ನ ಪ್ರಶ್ನೆ ಇದರ ಮೇಲೆಯೇ ಇತ್ತು: ಒಂದು ಹಡಗಿನಲ್ಲಿ ನಲವತ್ತನಾಲ್ಕು ಉದ್ದ ಫಿರಂಗಿಗಳಿವೆ, ಹೆಚ್ಚುವರಿಯಾಗಿ ಎಂಟು ಗಿಡ್ಡ ಫಿರಂಗಿಗಳಿವೆ; ಅದು ಎಷ್ಟನೇ ದರ್ಜೆಯದು? ಎಲ್ಲ ಕೂಡಿಸಿದರೆ ಐವತ್ತೆರಡು, ನಾಲ್ಕನೇ ದರ್ಜೆ. ಗಿಡ್ಡವನ್ನು ಬಿಟ್ಟರೆ ಐದನೇ ದರ್ಜೆ. ಸರಿಯುತ್ತರ ಐದು.

ತಾತ್ಕಾಲಿಕ ಪಟ್ಟಿಯ ತುದಿಯಲ್ಲಿ ಹೆಬ್ಬಳ್ಳಿಯ ಒಬ್ಬ ಹುಡುಗಿಯ ಹೆಸರಿತ್ತು. ಲಕಮನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ, ಒಂದು ಪ್ಯಾಕಿಂಗ್ ಘಟಕದಲ್ಲಿ ಪಾಳಿಯ ಮೇಲೆ ಕೆಲಸ ಮಾಡುವವಳು. ಪಾಳಿ ಮುಗಿಸಿ, ಕೂದಲಿಗೆ ಅಂಟಿದ ರಟ್ಟಿನ ಪುಡಿ ಕೊಡವುತ್ತ ಡೆಮೊ ತರಗತಿಗೆ ಬಂದಿದ್ದಳು. ಉಚಿತ ಸೀಟು ಸಿಕ್ಕರೆ ಮಾತ್ರ ಒಂದು ವರ್ಷ ಕೆಲಸ ಬಿಟ್ಟು ಓದಬಹುದು ಎಂದು ಮನೆಯಲ್ಲಿ ಒಪ್ಪಿಸಿಕೊಂಡಿದ್ದಳು. ಒಂದೇ ಅಂಕ ಹಿಂದೆ ಹಳೇ ಹುಬ್ಬಳ್ಳಿಯ ಒಬ್ಬ ಯುವಕ. ಮಾವನ ಮಿಕ್ಸರ್ ರಿಪೇರಿ ಅಂಗಡಿಯಲ್ಲಿ ಕೂರುವವನು. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವನು.

ಆಕ್ಷೇಪಣೆಯ ದಿನ ಮೇಜಿನ ಹಿಂದೆ ನಾವು ಮೂವರು: ಮುಖ್ಯಸ್ಥರು, ಗಣಿತದ ಮಾಸ್ತರು, ನಾನು. ಆ ಯುವಕ ಬಂದು ಪ್ರಶ್ನೆಪತ್ರಿಕೆಯನ್ನು ನನ್ನ ಮುಂದೆ ಬಿಡಿಸಿಟ್ಟ.

"ಸರ್, ನಲವತ್ನಾಕಕ್ಕ ಎಂಟು ಕೂಡಿಸಿದ್ರ ಐವತ್ತೆರಡು. ಐವತ್ತರಿಂದ ಅರವತ್ತು ನಾಲ್ಕನೇ ದರ್ಜೆ ಅಂತ ನೀವ ಬರ್ದೀರಿ. ಮತ್ತ ಉತ್ತರ ಐದು ಹೆಂಗಾತ್ರಿ?"

"ಗಿಡ್ಡ ಫಿರಂಗಿ ಲೆಕ್ಕಕ್ಕಿಲ್ಲ ಅಂತನೂ ಬರ್ದೇನಲ್ಲಪಾ. ಪೂರ್ತಿ ಓದಬೇಕು. ಗಡಬಡಿ ಮಾಡಿದ್ರ ಹಿಂಗ ಆಗ್ತೈತಿ" ಎಂದೆ. ಆ ದನಿಯಲ್ಲಿದ್ದ ಜಂಬ ಈಗಲೂ ಕಿವಿಯಲ್ಲಿದೆ.

"ಎಲ್ಲಿ ಬರ್ದೀರಿ, ತೋರಸ್ರಿ ಸರ್. ಮಿಕ್ಸರ್ ಬಿಚ್ಚಿದ್ರ ಸ್ಕ್ರೂ ಸೈತ ಎಣಿಸಿ ಇಡಾವ ನಾನು. ಗಡಬಡಿ ನನ್ನ ಹಂತೇಕ ಇಲ್ಲ."

ಗಣಿತದ ಮಾಸ್ತರು ನಕ್ಕು, "ಇಂವಾ ನಮ್ಮ ಡಿಪಾರ್ಟ್‌ಮೆಂಟಿನಾವ್ರೀ, ನಿಮ್ಮ ಕೈಗೆ ಸಿಗಾಂಗಿಲ್ಲ" ಎಂದರು.

ಪ್ಯಾಸೇಜಿನ ಮೇಲೆ ಬೆರಳಿಟ್ಟು ಓದುತ್ತ ಹೋದೆ. ಗಿಡ್ಡ ಫಿರಂಗಿ ಬಂತು, ಅದರ ಅಗಲ ಬಾಯಿ ಬಂತು, ಅದನ್ನು ಹೆಚ್ಚುವರಿಯಾಗಿ ಇಡುತ್ತಿದ್ದರು ಎಂಬುದು ಬಂತು. ಪ್ಯಾಸೇಜು ಅಲ್ಲಿಗೇ ಮುಗಿದಿತ್ತು; ಅವನ್ನು ಎಣಿಕೆಗೆ ಹಿಡಿಯುತ್ತಿರಲಿಲ್ಲ ಎಂಬ ವಾಕ್ಯ ಇರಲಿಲ್ಲ. ಮತ್ತೊಮ್ಮೆ ಓದಿದೆ. ಇರಲಿಲ್ಲ. ಅದನ್ನು ಬರೆದದ್ದು ನನಗೆ ಖಚಿತವಾಗಿ ನೆನಪಿತ್ತು, ಅಚ್ಚಾದ ಹಾಳೆಯಲ್ಲಿ ಓದಿದ್ದೂ ನೆನಪಿತ್ತು. ಒಳಗೆ ಟೈಪ್ ಮಾಡುವ ಅಕ್ಕನನ್ನು ಕರೆದು, ಒಂದು ವಾಕ್ಯ ಬಿಟ್ಟಿದ್ದೀರಿ ಎಂದೆ. ಅವರು ಸೆರಗು ಸಿಕ್ಕಿಸಿಕೊಂಡು ಎದುರಿಗೆ ನಿಂತರು.

"ನಾ ಬಿಟ್ಟೆ? ಛಲೋ ಹೇಳಿದ್ರಿ. ಎರಡು ಸಾಲು ಇನ್ನೊಂದು ಹಾಳಿಗೆ ಹೊಂಟಾವು ಸರ್, ಏನ್ ಮಾಡ್ಲಿ ಅಂತ ನಾ ಕೇಳಿದ್ನಿ. ನೀವು ಸ್ಕ್ರೀನಿಗೆ ಬಟ್ಟ ಹಚ್ಚಿ, ಇದನ್ನ ತಗೀರಿ ಅಕ್ಕಾ, ಇದಿಲ್ಲದಿದ್ರೂ ತಿಳೀತೈತಿ ಅಂದ್ರಿ. ನಿಮ್ಮ ಬಟ್ಟಿನ ಕಲಿ ಇನ್ನೂ ಸ್ಕ್ರೀನ್ ಮ್ಯಾಲ ಐತಿ, ಬರ್ರಿ ತೋರಸ್ತೇನಿ."

ಯಾರೋ ನಕ್ಕರು. ನಾನೂ ನಗಲು ನೋಡಿದೆ. ನನಗೆ ಅದು ನೆನಪಿರಲಿಲ್ಲ. ಆದರೆ ಹಾಳೆಯ ಎರಡೂ ಬದಿಗೆ ಹೊಂದಿಸುವುದು ನಮ್ಮಲ್ಲಿ ಕಟ್ಟುನಿಟ್ಟು. ಎರಡು ಸಾಲಿಗಾಗಿ ಇನ್ನೊಂದು ಹಾಳೆ ಕೊಡುವುದಿಲ್ಲ. ನಾನು ಹಾಗೆ ಹೇಳಿರುವುದೇ ಸಂಭವ. ಅಚ್ಚಾದ ಹಾಳೆಯಲ್ಲಿ ಓದಿದ ನೆನಪು ಎಲ್ಲಿಂದ ಬಂತು? ನನ್ನ ತಲೆಯಲ್ಲಿದ್ದ ವಾಕ್ಯವನ್ನು ಕಣ್ಣು ಹಾಳೆಯ ಮೇಲೆ ಇಟ್ಟಿರಬೇಕು. ವಿಷಯ ಗೊತ್ತಿದ್ದವನು ಪ್ರೂಫ್ ನೋಡಿದರೆ ಆಗುವುದೇ ಇದು.

"ಹಂಗಾದ್ರ ಇಂವನ ಮಾತು ಖರೇನ ಆತು," ಎಂದರು ಮುಖ್ಯಸ್ಥರು. "ಪ್ಯಾಸೇಜ್ ಹಿಡ್ಕೊಂಡು ನೋಡಿದ್ರ ನಾಲ್ಕು. ಆದ್ರ ಐದು ಹಾಕಿದಾವ್ರು ಹೆಂಗ ಹಾಕಿದ್ರು?"

ಐದು ಎಂದು ಗುರುತು ಹಾಕಿದವರು ಹೆಚ್ಚಿರಲಿಲ್ಲ. ಕೆಲವರು ಅಂದಾಜಿನ ಮೇಲೆ ಹಾಕಿದ್ದರು. ಪಟ್ಟಿಯ ತುದಿಯವಳಾದ್ದರಿಂದ ಹೆಬ್ಬಳ್ಳಿಯ ಹುಡುಗಿಯನ್ನು ಓದುವ ಕೋಣೆಯಿಂದ ಕರೆಸಿದರು. ತನ್ನ ಕುರ್ಚಿ ಯಾವುದಿರಬಹುದು ಎಂದು ಅವಳು ಆಗಲೇ ನೋಡಿಟ್ಟುಕೊಂಡಿದ್ದಳಂತೆ. ಅದನ್ನು ನನಗೆ ಆಮೇಲೆ ಹೇಳಿದವರು ಟೈಪಿನ ಅಕ್ಕ.

"ಐದನೇದು ಅಂತ ಹೆಂಗ ಹಾಕಿದಿ ಅವ್ವಾ?" ಎಂದು ಮುಖ್ಯಸ್ಥರು ಕೇಳಿದರು.

ಅವಳು ನನ್ನ ಕಡೆ ನೋಡಿದಳು. "ಸರ್ ಹೇಳ್ಯಾರಲ್ರಿ. ಗಿಡ್ಡ ಫಿರಂಗಿ ಲೆಕ್ಕಕ್ಕ ಹಿಡ್ಯಾಂಗಿಲ್ಲ ಅಂತ. ಡೆಮೊ ಕ್ಲಾಸಿನ್ಯಾಗ."

ಯುವಕ ತಟ್ಟನೆ, "ನಾ ಆ ಕ್ಲಾಸಿಗೆ ಬಂದಿಲ್ರಿ. ಅಂಗಡಿ ಇತ್ತು" ಎಂದ. ಮತ್ತೆ ಮೆತ್ತಗಾಗಿ, "ಅವ್ರ ಮ್ಯಾಲ ಏನೂ ಇಲ್ರಿ ನಂದು. ಹಾಳ್ಯಾಗ ಇಲ್ಲ ಅನ್ನೋದಷ್ಟ" ಎಂದು ಸೇರಿಸಿದ.

ಗಣಿತದ ಮಾಸ್ತರು ಪೆನ್ನು ಕೆಳಗಿಟ್ಟರು. "ಕ್ಲಾಸಿನ್ಯಾಗ ಹೇಳಿದ್ರ ಎಲ್ಲಾರಿಗೂ ಹೇಳಿದಂಗ. ಬಾಗಿಲು ತೆರೆದ ಇತ್ತು, ಬರದಿದ್ರ ಅವರ ಹಣೇಬರ. ಹಾಳ್ಯಾಗ ಇಲ್ಲದಿದ್ರೂ ಕಲಿಸಿದ್ದು ಅಂತ ಉತ್ತರ ಉಳಿಸಬಹುದು. ಒಬ್ಬಾಕಿಗೇ ಹೇಳಿದ್ರ ಬ್ಯಾರೆ. ಆಗ ಪ್ರಶ್ನಿ ರದ್ದು ಮಾಡಬೇಕು." ಆಮೇಲೆ ನನ್ನ ಕಡೆ ತಿರುಗಿ, "ಸರ್, ನೀವು ಎಲ್ಲಿ ಹೇಳೀರಿ?"

ಅಲ್ಲಿ ಎಲ್ಲವೂ ನನ್ನ ಒಂದು ಮಾತಿನ ಮೇಲೆ ನಿಂತಿತು. ಕ್ಲಾಸಿನಲ್ಲಿ ಹೇಳಿದೆ ಎಂದರೆ ಅವಳ ಸೀಟು ಉಳಿಯುತ್ತಿತ್ತು. ಆ ತರಗತಿಯನ್ನು ನೆನಪಿಗೆ ತಂದುಕೊಳ್ಳಲು ಯತ್ನಿಸಿದೆ. ಬೋರ್ಡಿನ ಮೇಲೆ ಆರು ದರ್ಜೆ ಬರೆದದ್ದು ಬಂತು. ಗಿಡ್ಡ ಫಿರಂಗಿ ಬರಲಿಲ್ಲ. ಅದರ ಬದಲು ಮೆಟ್ಟಿಲು ಬಂತು; ಅವಳು ಏನೋ ಕೇಳಿದ್ದು, ನಾನು ಚಹಾ ಹಿಡಿದು ಉತ್ತರ ಕೊಟ್ಟಿದ್ದು. ಅವಳು ಅಲ್ಲಿ ಕೇಳಿದ್ದು ಇದನ್ನೇ ಏನು? ಹಾಗಿದ್ದರೆ, ಪ್ರಶ್ನೆ ತೆಗೆಯುವವನು ಒಬ್ಬಳಿಗೆ ಉತ್ತರ ಹೇಳಿಕೊಟ್ಟಂತೆ. ನಾಳೆ ಯಾರಾದರೂ ಹಾಗೆ ಅಂದರೆ? ಸ್ವಲ್ಪ ಮುಂಚೆ ಇಲ್ಲದ ವಾಕ್ಯವನ್ನು ಇದೆ ಎಂದು ಎಲ್ಲರೆದುರು ವಾದಿಸಿದವನು ನಾನು. ಈಗ ಇನ್ನೊಂದು ನೆನಪಿನ ಮೇಲೆ ಆಣೆ ಮಾಡುವುದು ಹೇಗೆ?

"ನನಗ ಖಾತ್ರಿ ಇಲ್ರಿ," ಎಂದೆ.

"ಸರ್, ನಾ ಎದ್ದ ನಿಂತ ಕೇಳೀನ್ರಿ. ಹಿಂದಿನ ಬೆಂಚಿನ್ಯಾಗಿಂದ," ಎಂದಳು ಅವಳು.

"ಕೇಳಿರಬಹುದವಾ. ನನಗ ನೆನಪಿಲ್ಲ ಅಂತ ಹೇಳಾಕತ್ತೇನಿ."

ಆ ಕ್ಲಾಸಿಗೆ ಬಂದಿದ್ದ, ಹೊರಗೆ ನಿಂತಿದ್ದ ಒಂದಿಬ್ಬರು ಅಭ್ಯರ್ಥಿಗಳನ್ನು ಮುಖ್ಯಸ್ಥರು ಕರೆದು ಕೇಳಿದರು. ಇರಬಹುದು, ಇಲ್ಲದಿರಬಹುದು ಎಂದರು ಅವರು. ಗಣಿತದ ಮಾಸ್ತರು ಅವರನ್ನು ಕಳಿಸಿ, "ಎಲ್ಲಾರಿಗೂ ಒಂದು ಅಂಕ ಬರೋದಿದ್ರ ಯಾರಿಗೆ ನೆನಪ ಬರ್ತೈತ್ರಿ? ಇನ್ನೂ ನಾಕು ಮಂದೀನ ಕೇಳಿದ್ರ, ಅವತ್ತ ಕ್ಲಾಸ ಇರಲೇ ಇಲ್ಲ ಅಂತಾರ" ಎಂದರು. ಮುಖ್ಯಸ್ಥರು ನನ್ನನ್ನು ಇನ್ನೊಮ್ಮೆ ಕೇಳಿದರು. ಎರಡನೆಯ ಸಲ ಕೇಳುವ ಅಗತ್ಯ ಅವರಿಗಿರಲಿಲ್ಲ. ನನಗೆ ಒಂದು ದಾರಿ ಬಿಡಲೆಂದೇ ಕೇಳಿದರು ಎಂದು ಈಗ ಅನಿಸುತ್ತದೆ. ನಾನು ಪ್ರಶ್ನೆ ರದ್ದು ಮಾಡುವುದೇ ಸುರಕ್ಷಿತ ಎಂದೆ. ಸುರಕ್ಷಿತ ಎಂಬುದು ನನ್ನದೇ ಪದ, ಅದರಲ್ಲಿ ಸಂಶಯವಿಲ್ಲ.

ಎಲ್ಲರಿಗೂ ಒಂದು ಅಂಕ ಸೇರಿತು ಎಂದರೆ ನಿಜದಲ್ಲಿ ಸೇರಿದ್ದು ನಾಲ್ಕು ಎಂದವರಿಗೆ. ಐದು ಎಂದವರಿಗೆ ಆ ಅಂಕ ಮೊದಲೇ ಬಂದಿತ್ತು. ಇಬ್ಬರೂ ಸಮವಾದರು. ವಯಸ್ಸಿನ ನಿಯಮದಂತೆ ಸೀಟು ಯುವಕನಿಗೆ ಹೋಯಿತು. ಅವನು ಮಾಡಿದ್ದರಲ್ಲಿ ತಪ್ಪಿರಲಿಲ್ಲ. ಅವನು ಕೇಳಿದ್ದು ಹಾಳೆಯಲ್ಲಿ ಏನಿದೆಯೋ ಅದನ್ನು. ಹೊಸ ಪಟ್ಟಿ ಅಂಟಿಸುವಾಗ ಅವನು ಗೋಡೆಯ ಹತ್ತಿರ ಬರಲಿಲ್ಲ, ಗೇಟಿನ ಹೊರಗೆ ಹೋಗಿ ನಿಂತಿದ್ದ.

ಅವಳು ಮಾತ್ರ ಪಟ್ಟಿಯನ್ನು ಪೂರ್ತಿ ಓದಿ ನನ್ನ ಹತ್ತಿರ ಬಂದಳು.

"ಸರ್, ನಾ ಸುಳ್ಳ ಹೇಳಿಲ್ರಿ."

"ಸುಳ್ಳ ಅಂತ ಯಾರೂ ಅಂದಿಲ್ಲವಾ."

"ಅನ್ಲಿಲ್ರಿ. ಖಾತ್ರಿ ಇಲ್ಲ ಅಂದ್ರಿ. ನನಗ ಎರಡೂ ಒಂದ ಆತಲ್ರಿ."

ಸಂಶಯಪಡುವುದನ್ನು ನಾನು ವಿಶ್ವವಿದ್ಯಾಲಯದಲ್ಲಿ ಕಲಿತವನು. ಆಧಾರವಿಲ್ಲದೆ ಯಾವುದನ್ನೂ ಒಪ್ಪಬಾರದು ಎಂದು ವಿದ್ಯಾರ್ಥಿಗಳಿಗೂ ಹೇಳಿಕೊಡುತ್ತೇನೆ. ಆದರೆ ಆ ದಿನ ಎರಡು ನೆನಪುಗಳು ಎದುರುಬದುರಾಗಿದ್ದವು, ಅವಳದೊಂದು, ನನ್ನದೊಂದು. ನನ್ನದು ಆಗಲೇ ಒಮ್ಮೆ ಸುಳ್ಳಾಗಿತ್ತು. ಅವಳದು ಆಗಿರಲಿಲ್ಲ. ಆದರೂ ಅನುಮಾನದ ಲಾಭ ನನಗೇ ಸಿಕ್ಕಿತು. ಹೆಚ್ಚುವರಿ ಫಿರಂಗಿಗಳನ್ನು ಹೊತ್ತ ಆ ಹಡಗುಗಳ ಬಗ್ಗೆ ನಾನು ಕ್ಲಾಸಿನಲ್ಲಿ ತಮಾಷೆಯಾಗಿ ಹೇಳುತ್ತಿದ್ದೆ: ಎದುರಿನ ಹಡಗಿನವರು ದರ್ಜೆಯ ಸಂಖ್ಯೆ ನಂಬಿ ಹತ್ತಿರ ಬರುತ್ತಿರಲಿಲ್ಲ, ದುರ್ಬೀನಿನಲ್ಲಿ ಎಣಿಸಿ ನೋಡುತ್ತಿದ್ದರು. ಆಮೇಲೆ ಆ ಮಾತನ್ನು ಕ್ಲಾಸಿನಲ್ಲಿ ಹೇಳಿಲ್ಲ.

ಮುಖ್ಯಸ್ಥರು ಅವಳಿಗೆ ಅರ್ಧ ಶುಲ್ಕದ ಸೀಟು ಕೊಡುತ್ತೇವೆಂದರು. ಅದನ್ನು ಅವಳಿಗೆ ತಿಳಿಸುವ ಕೆಲಸ ನಾನೇ ತೆಗೆದುಕೊಂಡೆ. ಲಕಮನಹಳ್ಳಿಗೆ ಹೋಗಿ ಪಾಳಿ ಬಿಡುವ ಹೊತ್ತಿಗೆ ಗೇಟಿನಲ್ಲಿ ಕಾದೆ. ಅವಳು ಗೆಳತಿಯರ ಜೊತೆ ಏನಕ್ಕೋ ಜೋರಾಗಿ ನಗುತ್ತ ಬಂದಳು. ನನ್ನನ್ನು ಕಂಡು ನಗು ನಿಲ್ಲಿಸಿದಳು.

"ಅರ್ಧ ಆದ್ರೂ ಕೆಲಸ ಬಿಡಬೇಕಲ್ರಿ ಸರ್. ಊಟ, ರೂಮು ಎಲ್ಲ ನಾ ನೋಡಬೇಕು. ಆಗೂದಿಲ್ರಿ. ಸುಮ್ನ ನೀವು ಇಷ್ಟ ದೂರ ಬಂದ್ರಿ."

"ಮುಂದಿನ ವರ್ಷ ಮತ್ತ ಪರೀಕ್ಷೆ ಬರೀರಿ," ಎಂದೆ.

"ನೋಡೋಣ್ರಿ," ಎಂದಳು. ಅವಳ ಗೆಳತಿ ದೂರದಿಂದ, "ಲಗೂ ಬಾರಲೇ, ಬಸ್ ಹೊಂಟತಿ" ಎಂದು ಕೂಗಿದಳು. ಅವಳು ಓಡಿದಳು. ಮುಂದಿನ ವರ್ಷದ ಅರ್ಜಿಗಳನ್ನು ನಾನೇ ಜೋಡಿಸಿದೆ. ಅವಳದು ಅದರಲ್ಲಿರಲಿಲ್ಲ.

ಸೀಟು ಪಡೆದ ಯುವಕ ಮನಸ್ಸಿಟ್ಟು ಓದಿದ. ಅವನಿಗೆ ಪಾಠ ಹೇಳುವಾಗ ನನಗೆ ಆಗುತ್ತಿದ್ದ ಮುಜುಗರ ಅವನಿಗೂ ಗೊತ್ತಾಗುತ್ತಿತ್ತು ಅನಿಸುತ್ತದೆ. ಹಡಗುಗಳ ಪಾಠ ಬಂದಾಗ ಅವನು ತಲೆ ಎತ್ತದೆ ಬರೆದುಕೊಳ್ಳುತ್ತಿದ್ದ. ಒಂದು ಸಲ ಪಾಠ ಮುಗಿದ ಮೇಲೆ, "ಸರ್, ಅವ್ರು ಎಲ್ಲಿ ಅದಾರ ಈಗ?" ಎಂದು ಕೇಳಿದ. ಕೆಲಸದಲ್ಲೇ ಇದ್ದಾಳೆ ಎಂದೆ.

ತರಗತಿಯಲ್ಲಿ ಮೊಬೈಲಿನಿಂದ ಧ್ವನಿಮುದ್ರಣ ಮಾಡುವುದನ್ನು ನಮ್ಮ ಕೇಂದ್ರ ನಿಷೇಧಿಸಿದೆ. ಸಿಕ್ಕಿಬಿದ್ದರೆ ಹೊರಗೆ ಹಾಕುತ್ತಾರೆ. ಆದರೂ ಮಾಡುವವರು ಮಾಡುತ್ತಾರೆ, ಗೆಳೆಯರಿಗೆ ಕಳಿಸುತ್ತಾರೆ, ಅದು ಊರೆಲ್ಲ ಸುತ್ತುತ್ತದೆ. ಆಕ್ಷೇಪಣೆಯ ದಿನ ಯಾರಾದರೂ ತಮ್ಮ ಹತ್ತಿರ ಇದೆ ಎಂದು ಹೇಳಬೇಕಿದ್ದರೆ, ಮುಖ್ಯಸ್ಥರ ಎದುರೇ ತಮ್ಮ ತಪ್ಪು ಒಪ್ಪಿಕೊಳ್ಳಬೇಕಾಗುತ್ತಿತ್ತು. ಇದು ನನಗೆ ಹೊಳೆದದ್ದು ಬಹಳ ತಡವಾಗಿ. ಹೊಸ ತಂಡದ ಒಬ್ಬ ವಿದ್ಯಾರ್ಥಿ ಪೋರ್ಚುಗೀಸರ ಬಗ್ಗೆ ವಾದ ಮಾಡುತ್ತ, "ಹೋದ ವರ್ಷ ನೀವ ಬ್ಯಾರೆ ಹೇಳೀರಿ ಸರ್, ಕೇಳ್ರಿ ಬೇಕಾದ್ರ" ಎಂದು ಮೊಬೈಲು ಮುಂದೆ ಹಿಡಿದ. ನನ್ನ ದನಿ. ಅವನಿಗೆ ಬೈಯದೆ, ಅದನ್ನು ನನಗೆ ಕಳಿಸು ಎಂದೆ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಮೊದಲಿನಿಂದ ಕೇಳಿದೆ. ಕೊನೆಯಲ್ಲಿ ಮುಖ್ಯಸ್ಥರು ಬಂದು, ಉಚಿತ ಸೀಟಿನ ಪರೀಕ್ಷೆ ಬರುವ ಭಾನುವಾರ ಎಂದು ಸಾರುತ್ತಾರೆ. ಹಾಗಾಗಿ ಅದು ಅದೇ ಡೆಮೊ ತರಗತಿ. ಅದರಲ್ಲಿ ಅನುಮಾನಕ್ಕೆ ಎಡೆಯಿಲ್ಲ.

ಮೆಟ್ಟಿಲ ಹತ್ತಿರ ಅವಳು ನನ್ನನ್ನು ಏನು ಕೇಳಿದ್ದಳು, ಕೇಳಿದ್ದಳೋ ಇಲ್ಲವೋ, ಅದು ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಖಚಿತಪಡಿಸಿಕೊಂಡದ್ದು ಒಂದನ್ನೇ. ಆರು ದರ್ಜೆಗಳನ್ನು ಹೇಳಿ ಮುಗಿಸಿದ ಮೇಲೆ ಬೆಂಚು ಸರಿದ ಸದ್ದು ಬರುತ್ತದೆ. ದೂರದಿಂದ ಹುಡುಗಿಯ ದನಿ: "ಸರ್, ಆ ಗಿಡ್ಡ ಫಿರಂಗಿನೂ ಲೆಕ್ಕಕ್ಕ ಹಿಡೀತಿದ್ರೇನ್ರಿ?" ಆಮೇಲೆ ನನ್ನ ದನಿ, ಗಟ್ಟಿಯಾಗಿ, ತುಸು ಖುಷಿಯಿಂದ: "ಇಲ್ಲವಾ, ಹಿಡೀತಿರಲಿಲ್ಲ. ಛಲೋ ಕೇಳಿದಿ. ಎಲ್ಲಾರೂ ಬರಕೊಳ್ರಿ ಇದನ್ನ."